ಮೊದಲ ಮೆಕ್ ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ಮೆಕ್‌ವಾರಿಯರ್ ಆನ್‌ಲೈನ್ ಅನ್ನುವ ಕಂಪ್ಯೂಟರ್ ಆಟ ಶುರು ಮಾಡಿದವರೆಲ್ಲ ಮೊದಲು ಕೇಳುವುದು ಒಂದೇ: ಯಾವ ಮೆಕ್ (ಒಳಗೆ ಕೂತು ಓಡಿಸುವ ದೈತ್ಯ ಯುದ್ಧ ರೋಬೋ) ಕೊಳ್ಳಲಿ? ನಾನು ಯಾರನ್ನೂ ಕೇಳದೆ ಅಟ್ಲಾಸ್ ಕೊಂಡೆ. 100 ಟನ್, ತಲೆಬುರುಡೆಯಂಥ ಮುಖ. ಇದನ್ನು ಕಂಡರೆ ಎದುರಾಳಿ ಓಡಿಹೋಗಬೇಕು ಅಂತ ನನ್ನ ಲೆಕ್ಕ. ಪಂದ್ಯ ಶುರುವಾಯಿತು, ನಮ್ಮ ತಂಡದ ಉಳಿದ 11 ಮಂದಿ ಗುಡ್ಡ ದಾಟಿ ಹೋದರು, ನಾನು ಹಿಂದೆ ಉಳಿದೆ. ಎರಡು ಪುಟಾಣಿ ಮೆಕ್‌ಗಳು ಬಂದು ಬೆನ್ನಿಗೆ ಹೊಡೆದು ಮುಗಿಸಿದವು. ಒಂದು ಗುಂಡೂ ನೆಟ್ಟಗೆ ಹಾರಿಸಲು ಆಗಲಿಲ್ಲ. ಆಮೇಲೆ ಕೂತು ಓದಿಕೊಂಡದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೆಕ್‌ಗಳಲ್ಲಿ ನಾಲ್ಕು ಬಗೆ. 20ರಿಂದ 35 ಟನ್‌ವರೆಗಿನವು ಲೈಟ್, 40ರಿಂದ 55 ಮೀಡಿಯಂ, 60ರಿಂದ 75 ಹೆವಿ, 80ರಿಂದ 100 ಅಸಾಲ್ಟ್. ಇದನ್ನು ಬಾಯಿಪಾಠ ಮಾಡುವುದಕ್ಕಿಂತ ವೇಗದ ಸೂತ್ರ ಕಲಿಯುವುದು ಮೇಲು. ಎಂಜಿನ್ನಿನ ರೇಟಿಂಗನ್ನು, ಅಂದರೆ ಅದರ ಶಕ್ತಿಯ ಅಂಕಿಯನ್ನು, ಮೆಕ್‌ನ ಟನ್ನಿನಿಂದ ಭಾಗಿಸಿ, 16.2ರಿಂದ ಗುಣಿಸಿ. ಬರುವುದು ಗಂಟೆಗೆ ಎಷ್ಟು ಕಿಲೋಮೀಟರ್ ಅನ್ನುವ ಲೆಕ್ಕ. ಅಟ್ಲಾಸ್ 300ರ ಎಂಜಿನ್ ಹೊತ್ತು ಬಂದರೆ 48.6. ಹಂಚ್‌ಬ್ಯಾಕ್ 50 ಟನ್ನಿನದು, 200ರ ಎಂಜಿನ್ ಇದ್ದರೆ 64.8, ಅದಕ್ಕೇ 250ರದ್ದು ಹಾಕಿದರೆ 81. 20 ಟನ್ನಿನ ಲೋಕಸ್ಟ್ 160ರ ಎಂಜಿನ್ನಿನಲ್ಲೇ 129.6ಕ್ಕೆ ಓಡುತ್ತದೆ. ನನ್ನ ಬೆನ್ನಿಗೆ ಹೊಡೆದವರು ಅಷ್ಟು ಬೇಗ ಹೇಗೆ ಬಂದರು ಅಂತ ಆಗ ಅರ್ಥವಾಯಿತು.

ಹಾಗಂತ ಲೈಟ್ ಕೊಳ್ಳಿ ಅಂತ ಹೇಳುತ್ತಿಲ್ಲ. ಲೈಟ್ ಓಡಿಸುವವನಿಗೆ ನಕ್ಷೆ ಪೂರಾ ಗೊತ್ತಿರಬೇಕು, ಒಂದು ಕ್ಷಣ ನಿಂತರೂ ಕಥೆ ಮುಗಿಯಿತು. ಅಸಾಲ್ಟ್‌ನಲ್ಲಿ ತಪ್ಪು ಜಾಗಕ್ಕೆ ಹೋದರೆ ವಾಪಸ್ ಬರಲು ಆಗುವುದಿಲ್ಲ. ಕಲಿಯುವವನಿಗೆ ಬೇಕಾದದ್ದು ತಪ್ಪು ಮಾಡಿದ ಮೇಲೂ ಸ್ವಲ್ಪ ಹೊತ್ತು ಬದುಕಿರುವ ಮೆಕ್. ನನ್ನ ಮಟ್ಟಿಗೆ ಅದು 50, 55 ಟನ್ನಿನ ಮೀಡಿಯಂ. ಹೆವಿಯೇ ಸರಿ ಅನ್ನುವವರೂ ಇದ್ದಾರೆ, ಅವರೊಂದಿಗೆ ಜಗಳವಿಲ್ಲ.

ಈಗ ಮುಖ್ಯ ಪಾಠ. ಮೆಕ್‌ನ ಟನ್ ಅಂದರೆ ತಿಂಗಳ ಸಂಬಳ ಇದ್ದಂತೆ. ಎಂಜಿನ್, ಕವಚ, ಆಯುಧ, ಮದ್ದುಗುಂಡು, ಬಿಸಿ ಇಳಿಸುವ ಹೀಟ್ ಸಿಂಕ್, ಎಲ್ಲದಕ್ಕೂ ಅದರಲ್ಲೇ ಹಂಚಬೇಕು. ಎಸಿ/20 ಅನ್ನುವ ದೊಡ್ಡ ಫಿರಂಗಿ 14 ಟನ್ ತೂಗುತ್ತದೆ, ಒಂದು ಏಟಿಗೆ 20 ಡ್ಯಾಮೇಜ್. ಮೀಡಿಯಂ ಲೇಸರ್ ಒಂದೇ ಟನ್, 5 ಡ್ಯಾಮೇಜ್. ಅಂದರೆ ನಾಲ್ಕು ಲೇಸರ್ ಹಾಕಿದರೆ ನಾಲ್ಕೇ ಟನ್ನಿನಲ್ಲಿ ಅದೇ 20 ಸಿಕ್ಕಿತು, ಅಲ್ವಾ? ಎರಡೂ ಚೆನ್ನಾಗಿ ತಾಗುವ ದೂರವೂ ಒಂದೇ, ಸುಮಾರು 270 ಮೀಟರ್. ಹಾಗಾದರೆ ಫಿರಂಗಿ ಯಾರಿಗೆ ಬೇಕು?

ಇಲ್ಲೇ ಎಲ್ಲರೂ ಎಡವುವುದು. ಫಿರಂಗಿಯ ಗುಂಡು ತಾಗಿದ ಜಾಗಕ್ಕೇ ಪೂರ್ತಿ 20 ಕೊಡುತ್ತದೆ. ಲೇಸರ್ ಹಾಗಲ್ಲ. ಅದು ಹೆಚ್ಚುಕಮ್ಮಿ ಒಂದು ಸೆಕೆಂಡ್ ಉರಿಯುತ್ತದೆ, ಅಷ್ಟು ಹೊತ್ತೂ ಗುರಿ ಕದಲಬಾರದು. ಎದುರಾಳಿ ಸೊಂಟ ತಿರುಗಿಸಿದರೆ ಅರ್ಧ ಎದೆಗೆ, ಅರ್ಧ ತೋಳಿಗೆ ಹರಡಿಹೋಗುತ್ತದೆ. ಮೇಲಾಗಿ ನಾಲ್ಕು ಲೇಸರ್ ಒಟ್ಟಿಗೆ ಉರಿದರೆ ಬಿಸಿ ಜಾಸ್ತಿ. ಬಿಸಿ ಮಿತಿ ದಾಟಿದರೆ ಮೆಕ್ ತಾನಾಗಿ ಆಫ್ ಆಗುತ್ತದೆ, ಯುದ್ಧದ ನಡುವೆ ಕಂಬದಂತೆ ನಿಲ್ಲುತ್ತೀರಿ. ಹಾಗಾಗಿ ಲೇಸರ್‌ನಲ್ಲಿ ಉಳಿಸಿದ ಟನ್ನಿನಲ್ಲಿ ಒಂದಷ್ಟು ಹೀಟ್ ಸಿಂಕ್‌ಗೆ ಹೋಗುತ್ತದೆ. ಆದರೂ ಹೊಸಬರಿಗೆ ಲೇಸರೇ ಒಳ್ಳೆಯದು ಅನ್ನುತ್ತೇನೆ. ಮದ್ದುಗುಂಡು ಮುಗಿಯುವ ಭಯವಿಲ್ಲ, ಗುರಿ ತಪ್ಪಿದರೂ ಉರಿಯುತ್ತಿರುವಾಗಲೇ ಸರಿಪಡಿಸಿಕೊಳ್ಳಬಹುದು.

ಎಲ್‌ಆರ್‌ಎಂ ಅನ್ನುವ ದೂರ ಹಾರುವ ಕ್ಷಿಪಣಿಗಳ ಆಸೆ ಸದ್ಯಕ್ಕೆ ಬಿಡಿ. ದೂರದಿಂದ ಗುಡ್ಡದ ಹಿಂದೆ ಕೂತು ಸುಮ್ನೆ ಹೊಡೆಯಬಹುದು ಅನ್ನಿಸುತ್ತದೆ. ಆದರೆ ಗುರಿ ಲಾಕ್ ಆಗಬೇಕು, ಮತ್ತು ಇನ್ನರ್ ಸ್ಫಿಯರ್ ಅನ್ನುವ ಬಣದ ಮೆಕ್ ಆದರೆ 180 ಮೀಟರಿಗಿಂತ ಹತ್ತಿರ ಬಂದವನ ಮೇಲೆ ಅವು ಕೆಲಸಕ್ಕೆ ಬರುವುದಿಲ್ಲ.

ಆಟದಲ್ಲಿರುವ ಇನ್ನರ್ ಸ್ಫಿಯರ್, ಕ್ಲ್ಯಾನ್ ಅನ್ನುವ ಎರಡು ಬಣಗಳ ಮೆಕ್‌ಗಳ ವ್ಯತ್ಯಾಸ ಹೆಚ್ಚು ಕಾಣುವುದು ಎಂಜಿನ್ನಿನಲ್ಲಿ. ಎಕ್ಸ್‌ಎಲ್ ಎಂಜಿನ್ ಬಹಳ ಹಗುರ, ಆದರೆ ಎರಡೂ ಪಕ್ಕೆಗಳೊಳಗೆ ಚಾಚಿಕೊಂಡಿರುತ್ತದೆ. ಇನ್ನರ್ ಸ್ಫಿಯರ್‌ನ ಎಕ್ಸ್‌ಎಲ್ ಹಾಕಿದ್ದರೆ ಒಂದು ಪಕ್ಕೆ ಹೋದರೂ ಮೆಕ್ ಸತ್ತಂತೆ. ಕ್ಲ್ಯಾನ್ ಎಕ್ಸ್‌ಎಲ್ ಒಂದು ಪಕ್ಕೆ ಹೋದರೂ ತಡೆದುಕೊಳ್ಳುತ್ತದೆ. ಸ್ಟ್ಯಾಂಡರ್ಡ್ ಎಂಜಿನ್ ಭಾರ, ಆದರೆ ಅದು ನಡು ಎದೆಯಲ್ಲಷ್ಟೇ ಇರುವುದು. ಇವೆರಡರ ನಡುವೆ ಇನ್ನರ್ ಸ್ಫಿಯರ್‌ಗೆ ಲೈಟ್ ಫ್ಯೂಷನ್ ಎಂಜಿನ್ ಇದೆ. ಅದೂ ಒಂದು ಪಕ್ಕೆಯ ನಷ್ಟ ತಡೆಯುತ್ತದೆ. ಅಂಗಡಿಯಲ್ಲಿ ಆಯುಧ ನೋಡುವ ಮೊದಲು ಎಂಜಿನ್ ಯಾವುದು ಅಂತ ನೋಡಿ.

ದುಡ್ಡಿನ ವಿಷಯ. ಮೊದಲ 25 ಪಂದ್ಯಗಳಿಗೆ ಕೆಡೆಟ್ ಬೋನಸ್ ಅಂತ ಹೆಚ್ಚುವರಿ ಸಿ-ಬಿಲ್, ಅಂದರೆ ಆಟದೊಳಗಿನ ದುಡ್ಡು, ಸಿಗುತ್ತದೆ. ಆ ಪಂದ್ಯಗಳನ್ನು ಆಟವೇ ಕೊಡುವ ಟ್ರಯಲ್ ಮೆಕ್‌ಗಳಲ್ಲಿ ಆಡಿ ಮುಗಿಸಿ. ಅವುಗಳ ಜೋಡಣೆ ಬದಲಿಸಲು ಬರುವುದಿಲ್ಲ, ಆದರೆ ಓಡಿಸಿ ನೋಡಲು ಅಡ್ಡಿಯಿಲ್ಲ. ಬೋನಸ್ ಪೂರಾ ಬಂದ ಮೇಲೆ ಒಂದೇ ಒಂದು ಮೆಕ್ ಕೊಳ್ಳಿ. ಬೇಗ ಬೇಗ ಎರಡು ಮೂರು ಕೊಳ್ಳಬೇಡಿ. ಪ್ರತಿ ಮೆಕ್‌ಗೂ ಅದರ ಸಾಮರ್ಥ್ಯ ಹೆಚ್ಚಿಸುವ 91 ಸ್ಕಿಲ್ ಪಾಯಿಂಟ್ ಬೇರೆ ಬೇರೆಯಾಗಿ ತುಂಬಬೇಕು. ಅದು ನಿಧಾನದ ಕೆಲಸ.

ನಾನು ಕೊನೆಗೆ ಹಿಡಿದದ್ದು 50 ಟನ್ನಿನ ಸೆಂಚುರಿಯನ್, ಎ ಮಾದರಿ, ಸ್ಟ್ಯಾಂಡರ್ಡ್ ಎಂಜಿನ್ನಿನದು. ಅದರ ಎಡಗೈಯಲ್ಲಿ ಆಯುಧವೇ ಇಲ್ಲ. ಮೊದಲು ಇದೇನು ನಷ್ಟ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಅದು ಗುರಾಣಿ. ಒಮ್ಮೆ ಗುಂಡು ಹಾರಿಸಿ, ತಕ್ಷಣ ಎಡ ಭುಜ ಎದುರಾಳಿಯ ಕಡೆ ತಿರುಗಿಸಿ ಏಟನ್ನೆಲ್ಲ ಆ ಖಾಲಿ ಕೈಗೆ ತಿನ್ನಿಸಬೇಕು. ಕೈ ಹೋಯಿತು, ಪಕ್ಕೆಗಳೂ ಹೋದವು ಅಂದುಕೊಳ್ಳಿ, ಆಗಲೂ ನಡು ಎದೆಯ ಎರಡು ಲೇಸರ್ ಉಳಿದಿರುತ್ತವೆ. ಮೊನ್ನೆ ಹಾಗೇ ಮುಂಡ, ಕಾಲು ಮಾತ್ರ ಉಳಿಸಿಕೊಂಡು ಕುಂಟುತ್ತಾ ಹೋಗಿ ಒಂದು ಅಟ್ಲಾಸಿನ ಬೆನ್ನಿಗೆ ಹೊಡೆದೆ. ಪಾಪ, ಅವನೂ ತಂಡದಿಂದ ಹಿಂದೆ ಉಳಿದಿದ್ದ.