ಮಾತಿಗೆ ಹೆದರದ ಮೀನು

ಸ್ಯಾನ್ ಫ್ರಾನ್ಸಿಸ್ಕೋ ನಗರದ ದಕ್ಷಿಣಕ್ಕೆ, ಪೆಸಿಫಿಕಾ ಎಂಬ ಊರಿನಲ್ಲಿ, ಪೆಸಿಫಿಕ್ ಸಾಗರದೊಳಕ್ಕೆ ಸುಮಾರು 350 ಮೀಟರ್ ಚಾಚಿಕೊಂಡಿರುವ ಒಂದು ಕಾಂಕ್ರೀಟ್ ಪಿಯರ್, ಅಂದರೆ ಕಂಬಗಳ ಮೇಲೆ ನಿಂತ ಸೇತುವೆಯಂಥ ಕಟ್ಟೆ, ಇದೆ. 1973ರಲ್ಲಿ ತೆರೆದ ಈ ಪಿಯರ್ ಸಾರ್ವಜನಿಕ ಸ್ವತ್ತು. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಕಡಲಿನ ಸಾರ್ವಜನಿಕ ಪಿಯರ್‌ಗಳಲ್ಲಿ ಗಾಳ ಹಾಕಲು ಪರವಾನಗಿ ಬೇಕಿಲ್ಲವಾದ್ದರಿಂದ, ದೋಣಿಯಿಲ್ಲದವರು, ದುಡ್ಡಿಲ್ಲದವರು, ನಿವೃತ್ತರು, ಮಕ್ಕಳನ್ನು ಕರೆತಂದ ತಾಯಂದಿರು, ಫಿಲಿಪೀನ್ಸ್, ಚೀನಾ, ಮೆಕ್ಸಿಕೊ ಮೂಲದ ಕುಟುಂಬಗಳು ಎಲ್ಲರೂ ಅಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಇಷ್ಟು ಜನ ಸೇರಿದಲ್ಲಿ ಮಾತು ಇರಲೇಬೇಕು. ಹಾಗೆಯೇ, "ಗಲಾಟೆ ಮಾಡಬೇಡಿ, ಮೀನು ಓಡಿಹೋಗುತ್ತದೆ" ಎಂದು ಮಕ್ಕಳ ಬಾಯಿ ಮುಚ್ಚಿಸುವ ಹಿರಿಯರೊಬ್ಬರೂ ಇರುತ್ತಾರೆ. ನಮ್ಮ ಕೆರೆ ಏರಿಗಳ ಮೇಲೂ ಕೇಳಿಬರುವ ಈ ಎಚ್ಚರಿಕೆಗೆ ಭೌತಶಾಸ್ತ್ರದ ಬೆಂಬಲ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ.

ಗಾಳಿಯಲ್ಲಿ ಸಾಗುವ ಶಬ್ದ ನೀರಿನ ಮೇಲ್ಮೈಗೆ ಬಡಿದಾಗ ಅದರ ಶಕ್ತಿಯ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗಿಳಿಯುತ್ತದೆ. ಉಳಿದದ್ದೆಲ್ಲ ಪ್ರತಿಫಲಿಸಿ ವಾಪಸು ಬರುತ್ತದೆ. ಅದೂ ಶಬ್ದ ಬಹುತೇಕ ನೆಟ್ಟಗೆ ಕೆಳಮುಖವಾಗಿ ಹೋದರೆ. ಲಂಬರೇಖೆಯಿಂದ ಸುಮಾರು 13 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಿದ್ದ ಶಬ್ದಕ್ಕೆ ನಯವಾದ ನೀರಿನ ಮೇಲ್ಮೈ ಪೂರ್ತಿ ಬಾಗಿಲು ಹಾಕಿಬಿಡುತ್ತದೆ. ಪಿಯರ್‌ನ ಕಟಾಂಜನಕ್ಕೆ ಒರಗಿ ಹರಟುವವರ ಮಾತು ಇಪ್ಪತ್ತು ಮೀಟರ್ ಆಚೆ ಈಜುವ ಮೀನಿಗೆ ಮುಟ್ಟುವ ಸಂಭವ ಎಷ್ಟೆಂಬುದನ್ನು ಓದುಗರೇ ಊಹಿಸಬಹುದು. ಭಾರವಾದ ಡಬ್ಬಿಯನ್ನು ಕಾಂಕ್ರೀಟಿನ ಮೇಲೆ ಕುಕ್ಕಿದರೆ ಕಂಪನ ಕಂಬಗಳ ಮೂಲಕ ನೀರಿಗಿಳಿಯುತ್ತದೆ, ನಿಜ. ಆದರೆ ಅದೇ ಕಂಬಗಳಿಗೆ ಹಗಲಿರುಳು ಅಲೆಗಳು ಅಪ್ಪಳಿಸುವ ಜಾಗದಲ್ಲಿ ಡಬ್ಬಿಯ ಸದ್ದಿಗೆ ಬೆಲೆಯೆಷ್ಟು?

ಹಾಗೆಂದು ಮೀನು ಕಿವುಡಲ್ಲ. ಅದಕ್ಕೆ ಒಳಗಿವಿ ಇದೆ, ಜೊತೆಗೆ ನಮಗಿಲ್ಲದ ಇನ್ನೊಂದು ಇಂದ್ರಿಯವೂ ಇದೆ: ಪಾರ್ಶ್ವರೇಖೆ. ಪೆಸಿಫಿಕಾದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಜನ ಕಾಯುವುದು ಸ್ಟ್ರೈಪ್ಡ್ ಬಾಸ್ ಎಂಬ ಬೆಳ್ಳಿಬಣ್ಣದ ಬೇಟೆಗಾರ ಮೀನಿಗೆ. ಅದರ ಮೈಮೇಲೆ ಉದ್ದುದ್ದಕ್ಕೆ ಏಳೆಂಟು ಕಪ್ಪು ಪಟ್ಟೆಗಳಿದ್ದು, ಅವುಗಳಲ್ಲಿ ಒಂದರ ಗುಂಟ, ಕಿವಿರಿನ ಹಿಂಬದಿಯಿಂದ ಬಾಲದವರೆಗೆ, ಪಾರ್ಶ್ವರೇಖೆ ಸಾಗುತ್ತದೆ. ಪಟ್ಟೆ ಬರಿಯ ಬಣ್ಣ. ಪಾರ್ಶ್ವರೇಖೆ ಹುರುಪೆಗಳ ಕೆಳಗೆ ಹುದುಗಿರುವ ಸಣ್ಣ ಕಾಲುವೆ. ಕಾಲುವೆಯೊಳಗೆ ಅಲ್ಲಲ್ಲಿ ರೋಮಕೋಶಗಳ ಗುಂಪುಗಳಿದ್ದು, ಪ್ರತಿ ಗುಂಪಿನ ರೋಮಗಳೂ ಲೋಳೆಯಂಥ ಪುಟ್ಟ ಗುಮ್ಮಟವೊಂದರಲ್ಲಿ ಹೂತಿರುತ್ತವೆ. ನೀರು ಅಲುಗಿದರೆ ಗುಮ್ಮಟ ಬಾಗುತ್ತದೆ, ಗುಮ್ಮಟ ಬಾಗಿದರೆ ರೋಮ ಬಾಗುತ್ತದೆ, ರೋಮ ಒಂದು ದಿಕ್ಕಿಗೆ ಬಾಗಿದರೆ ನರದ ಸಂಕೇತ ಹೆಚ್ಚುತ್ತದೆ, ಎದುರು ದಿಕ್ಕಿಗೆ ಬಾಗಿದರೆ ತಗ್ಗುತ್ತದೆ.

ಇಲ್ಲಿ ಬುದ್ಧಿವಂತ ಓದುಗರು ಒಂದು ಆಕ್ಷೇಪ ಎತ್ತಬೇಕು. ತೀರಕ್ಕೆ ಬಡಿಯುವ ಅಲೆಗಳ ನಡುವೆ ಟನ್ನುಗಟ್ಟಲೆ ನೀರು ಕುದಿಯುತ್ತಿರುವಾಗ, ಬೆರಳುದ್ದದ ಆಂಚೊವಿ ಮೀನೊಂದು ಬಾಲ ಬಡಿದದ್ದು ಈ ರೋಮಗಳಿಗೆ ತಿಳಿಯುವುದು ಹೇಗೆ? ಉತ್ತರ ನನ್ನನ್ನು ಪ್ರತಿ ಸಲವೂ ಖುಷಿಪಡಿಸುತ್ತದೆ. ದೊಡ್ಡ ಅಲೆ ಮೀನನ್ನೂ ಅದರ ಸುತ್ತಲಿನ ನೀರನ್ನೂ ಬಹುಮಟ್ಟಿಗೆ ಒಟ್ಟಿಗೇ ಒಯ್ಯುತ್ತದೆ. ಮೈಗೂ ನೀರಿಗೂ ನಡುವೆ ವ್ಯತ್ಯಾಸ ಕಡಿಮೆಯಾದ್ದರಿಂದ ಗುಮ್ಮಟಗಳು ಹೆಚ್ಚು ಬಾಗುವುದಿಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ನಿಂತವನಿಗೆ ಬಸ್ಸಿನ ಓಟಕ್ಕಿಂತ ಪಕ್ಕದವನ ಮೊಣಕೈ ತಿವಿತವೇ ಚುರುಕಾಗಿ ತಿಳಿಯುವುದು ಇದೇ ಕಾರಣಕ್ಕೆ. ಚಿಕ್ಕ ಮೀನಿನ ಬಾಲದ ಬಡಿತ ಎಬ್ಬಿಸುವ ಒತ್ತಡ ಬಾಸ್‌ನ ಮೈಯುದ್ದಕ್ಕೂ ಒಂದೇ ಸಮನಾಗಿರುವುದಿಲ್ಲ: ಚಿಕ್ಕ ಮೀನು ತಲೆಯ ಕಡೆಗಿದ್ದರೆ ಅಲ್ಲಿ ಹೆಚ್ಚು, ನಡುವಿನಲ್ಲಿ ಕಡಿಮೆ, ಬಾಲದ ಬಳಿ ಬಹುತೇಕ ಶೂನ್ಯ. ಕಾಲುವೆಯ ರಂಧ್ರಗಳ ನಡುವಿನ ಈ ಒತ್ತಡದ ಅಂತರವೇ ಒಳಗಿನ ದ್ರವವನ್ನು ತಳ್ಳುತ್ತದೆ. ಅಂದರೆ ಪಾರ್ಶ್ವರೇಖೆ ಅಳೆಯುವುದು ಚಲನೆಯನ್ನಲ್ಲ, ಚಲನೆಯ ಏರುಪೇರನ್ನು.

ಈ ಜಾಣ್ಮೆಗೆ ತೆರುವ ಬೆಲೆಯೂ ಇದೆ. ಅಂಥ ಏರುಪೇರು ದೂರದ ಘನಕ್ಕೆ ಅನುಗುಣವಾಗಿ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಸಂಕೇತ ಎಂಟನೇ ಒಂದಕ್ಕಿಳಿಯುತ್ತದೆ. ತನ್ನ ಮೈಯುದ್ದದ ಒಂದೆರಡು ಪಟ್ಟು ದೂರದಾಚೆ ಮೀನಿಗೆ ಈ ಇಂದ್ರಿಯದಿಂದ ಹೆಚ್ಚೇನೂ ತಿಳಿಯದು. ಹಾಗಾಗಿ ಪಿಯರ್‌ನ ಅನುಭವಿಗಳು ಎಸೆಯುವ ಲೋಹದ ಹುಸಿ ಮೀನು, ಬಾಸ್‌ನ ಕಣ್ಣಿಗೆ ಬೀಳದ ಕಲಕು ನೀರಿನಲ್ಲಿ, ಅದರ ಮೂತಿಯ ಹತ್ತಿರದಲ್ಲೇ ಹಾದುಹೋಗಬೇಕು. ಎಲ್ಲಿ ಎಸೆಯಬೇಕೆಂಬುದನ್ನು ಅವರು ಹಕ್ಕಿಗಳನ್ನು ನೋಡಿ ತೀರ್ಮಾನಿಸುತ್ತಾರೆ. ಬಾಸ್‌ಗಳು ಆಂಚೊವಿ ಹಿಂಡನ್ನು ತೀರದತ್ತ ಅಟ್ಟಿದಾಗ ಕಂದು ಪೆಲಿಕನ್‌ಗಳು ಮೇಲಿನಿಂದ ಧುಮುಕತೊಡಗುತ್ತವೆ.

ವಿದ್ವಾಂಸರಿಗೂ ಈ ರೇಖೆ ಸುಲಭವಾಗಿ ದಕ್ಕಲಿಲ್ಲ. 1664ರಲ್ಲಿ ಡೆನ್ಮಾರ್ಕಿನ ನಿಕೋಲಾಸ್ ಸ್ಟೆನೊ ಮೀನಿನ ತಲೆ, ಮೈಗಳ ಮೇಲಿನ ರಂಧ್ರಗಳನ್ನು ವರ್ಣಿಸಿದ ಮೇಲೆ, ಇವು ಮೈಗೆ ಲೋಳೆ ಒದಗಿಸುವ ಕೊಳವೆಗಳೆಂಬ ನಂಬಿಕೆ ಸುಮಾರು ಎರಡು ಶತಮಾನ ಬಾಳಿತು. ಜರ್ಮನಿಯ ಫ್ರಾನ್ಜ್ ಲೈಡಿಗ್ 1850ರಲ್ಲಿ ಒಳಗಿರುವುದು ಇಂದ್ರಿಯಾಂಗವೆಂದು ಗುರುತಿಸಿದರು. ಅದು ನೀರಿನ ಹರಿವನ್ನು ಅರಿಯುತ್ತದೆಂದು ಬ್ರೂನೋ ಹೋಫರ್ ಪ್ರಯೋಗದಿಂದ ತೋರಿಸಿದ್ದು 1908ರಲ್ಲಿ. 1976ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಣ್ಣು ಮುಚ್ಚಿಸಿದ ಮೀನುಗಳೂ ಹಿಂಡಿನೊಡನೆ ಈಜಿದವು. ಇದೇ ಬಗೆಯ ರೋಮಕೋಶಗಳು ನಮ್ಮ ಒಳಗಿವಿಯಲ್ಲೂ ಇವೆ. ಸ್ಟ್ರೆಪ್ಟೊಮೈಸಿನ್‌ನಂಥ ಔಷಧಿಗಳು ಅವನ್ನು ಕೊಲ್ಲಬಲ್ಲವು, ನಮ್ಮಲ್ಲೂ ಮೀನಿನಲ್ಲೂ. ಆದರೆ ಮೀನು ಅವನ್ನು ಮತ್ತೆ ಬೆಳೆಸಿಕೊಳ್ಳುತ್ತದೆ, ನಮಗೆ ಆ ಭಾಗ್ಯವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಈ ಮೀನು ಪೆಸಿಫಿಕ್ ಸಾಗರದ್ದೇ ಅಲ್ಲವೆಂಬುದನ್ನೂ ಹೇಳಬೇಕು. ಅದರ ತವರು ಅಮೆರಿಕದ ಪೂರ್ವ ಕರಾವಳಿ. 1879ರಲ್ಲಿ ಮೀನು ಸಾಕಣೆ ತಜ್ಞ ಲಿವಿಂಗ್‌ಸ್ಟನ್ ಸ್ಟೋನ್ ನ್ಯೂಜೆರ್ಸಿಯಿಂದ ರೈಲಿನಲ್ಲಿ ದೇಶದ ಉದ್ದಗಲ ದಾಟಿಸಿ ತಂದ 132 ಮರಿಗಳನ್ನು ಕ್ಯಾಲಿಫೋರ್ನಿಯಾದ ಕಾರ್ಕಿನೆಜ್ ಜಲಸಂಧಿಯಲ್ಲಿ ಬಿಡಲಾಯಿತು. 1882ರಲ್ಲಿ ಇನ್ನೂ ಸುಮಾರು 300. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಮಾರಾಟಕ್ಕೆ ಹಿಡಿದ ಮೀನಿನ ತೂಕ ವರ್ಷಕ್ಕೆ ಹನ್ನೆರಡು ಲಕ್ಷ ಪೌಂಡ್ ದಾಟಿತ್ತು. 1935ರಲ್ಲಿ ಮಾರಾಟಕ್ಕೆ ಹಿಡಿಯುವುದನ್ನು ನಿಷೇಧಿಸಿದ್ದರಿಂದ ಅದು ಗಾಳದವರ ಪಾಲಿಗೆ ಉಳಿಯಿತು. ಸಾಲ್ಮನ್ ಮರಿಗಳನ್ನು ತಿನ್ನುವ ಈ ವಲಸಿಗನನ್ನು ರಕ್ಷಿಸಬೇಕೇ ಎಂಬ ಜಗಳ ಮಾತ್ರ ಇಂದಿಗೂ ಆರಿಲ್ಲ.

ಪಿಯರ್‌ನ ಎತ್ತರದಿಂದ ದೊಡ್ಡ ಬಾಸ್ ಅನ್ನು ಬರಿಯ ದಾರದಿಂದ ಎತ್ತಲಾಗದು. ನೀರು ಬಿಟ್ಟೊಡನೆ ತೇಲುಬಲ ಹೋಗಿ ಅದರ ಪೂರ್ತಿ ತೂಕ ದಾರದ ಮೇಲೆ ಬೀಳುತ್ತದೆ. ಆಗ "ನೆಟ್!" ಎಂಬ ಕೂಗೇಳುತ್ತದೆ. ಅಕ್ಕಪಕ್ಕದವರು ಹೇಳಿಸಿಕೊಳ್ಳದೆಯೇ ತಮ್ಮ ದಾರ ಸುತ್ತಿಕೊಳ್ಳುತ್ತಾರೆ, ಯಾರೋ ಒಬ್ಬರು ಹಗ್ಗ ಕಟ್ಟಿದ ಬಳೆಬಲೆಯನ್ನು ಕೆಳಗಿಳಿಸುತ್ತಾರೆ, ಗಾಳದವನು ಮೀನನ್ನು ಅದರ ಮೇಲಕ್ಕೆ ನಡೆಸುತ್ತಾನೆ, ಅಲೆ ಏರಿದ ಕ್ಷಣದಲ್ಲಿ ಬಲೆ ಎಳೆಯುತ್ತಾರೆ. ಒಬ್ಬಂಟಿಯಾಗಿ ಇದು ಬಲು ಕಷ್ಟ. ಮೀನು 18 ಇಂಚಿಗಿಂತ ಚಿಕ್ಕದಾದರೆ ಅದನ್ನು ನೀರಿಗೆ ಮರಳಿಸಬೇಕು, ಮತ್ತು ಅಷ್ಟೆತ್ತರದಿಂದ ಎಸೆಯುವ ಬದಲು ಅದೇ ಬಲೆಯಲ್ಲಿಟ್ಟು ಇಳಿಸುವುದು ಮೇಲು.

ಇನ್ನು ಚಂದ್ರ. ಹುಣ್ಣಿಮೆಗೆ ಬಾಸ್ ಕಚ್ಚುತ್ತದೆ, ಅಮಾವಾಸ್ಯೆಗೆ ಕಚ್ಚುವುದಿಲ್ಲ ಎನ್ನುವವರು ಅಲ್ಲೂ ಇದ್ದಾರೆ. ಉಬ್ಬರದ ಏರಿಳಿತವನ್ನು ಹಿಗ್ಗಿಸುವುದರಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳೆರಡೂ ಹೆಚ್ಚು ಕಡಿಮೆ ಸಮ, ಏಕೆಂದರೆ ಎರಡೂ ದಿನ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿನಲ್ಲಿರುತ್ತವೆ. ಈ ತೀರದಲ್ಲಿ ದಿನದ ಎರಡು ಉಬ್ಬರಗಳು ಒಂದೇ ಎತ್ತರದವೂ ಅಲ್ಲ. ಆದ್ದರಿಂದ ಪಿಯರ್‌ಗೆ ಹೊರಟವರಿಗೆ ಬೇಕಾದದ್ದು ತಿಥಿಯಲ್ಲ, ಆ ದಿನದ ಯಾವ ಹೊತ್ತಿಗೆ ನೀರು ಎಷ್ಟು ಏರುತ್ತದೆಂದು ಹೇಳುವ ಉಬ್ಬರದ ಪಟ್ಟಿ.