ಅಗ್ರೋ ಡೆಕ್ ಅಂದರೆ ಏನು? ಅದು ಕಡಿಮೆ ದುಡ್ಡಿಗೆ ಯಾಕೆ ಆಗುತ್ತದೆ?

ಟ್ರೇಡಿಂಗ್ ಕಾರ್ಡ್ ಆಟ ಆಡುವವರ ಮಾತಿನಲ್ಲಿ ‘ಅಗ್ರೋ’ ಅನ್ನುವ ಪದ ದಿನಾ ಕಿವಿಗೆ ಬೀಳುತ್ತದೆ. ಅಗ್ರೆಸಿವ್ ಅನ್ನುವುದನ್ನೇ ಮೊಟಕು ಮಾಡಿದ್ದಾರೆ. ಎದುರಾಳಿಯ ದೊಡ್ಡ ದೊಡ್ಡ ಕಾರ್ಡುಗಳು ಅವನ ಕೈಯಿಂದ ಕೆಳಗಿಳಿಯುವ ಮೊದಲೇ ಆಟ ಮುಗಿಸಬೇಕು ಅಂತ ಕಟ್ಟಿದ ಡೆಕ್ಕೇ, ಅಂದರೆ ಕಾರ್ಡುಗಳ ಕಟ್ಟೇ, ಅಗ್ರೋ ಡೆಕ್. ಹೊಸಬರು ಇದನ್ನು ತಲೆ ಓಡಿಸದೆ ನುಗ್ಗುವವರ ಡೆಕ್ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇದರಷ್ಟು ಲೆಕ್ಕ ಬೇಡುವ ಡೆಕ್ ಇನ್ನೊಂದಿಲ್ಲ, ಮತ್ತು ಆ ಲೆಕ್ಕದಿಂದಲೇ ಇದು ಅಗ್ಗಕ್ಕೂ ಆಗುತ್ತದೆ.

ಉದಾಹರಣೆಗೆ ಮ್ಯಾಜಿಕ್: ದಿ ಗ್ಯಾದರಿಂಗ್ ತಗೊಳ್ಳೋಣ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಆಟ. ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು ಅಲ್ವಾ, ಇಲ್ಲಿ ಹಾಗಲ್ಲ, ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಕಟ್ಟಿಕೊಂಡು ಬರುತ್ತಾರೆ. ಕಡಿಮೆ ಅಂದರೂ 60 ಕಾರ್ಡ್ ಇರಬೇಕು. ಬೇಸಿಕ್ ಲ್ಯಾಂಡ್ ಅನ್ನುವ ಸಾದಾ ಲ್ಯಾಂಡ್ ಕಾರ್ಡು ಬಿಟ್ಟರೆ ಒಂದೇ ಕಾರ್ಡು 4ಕ್ಕಿಂತ ಜಾಸ್ತಿ ಇರುವಂತಿಲ್ಲ. ಇಬ್ಬರಿಗೂ 20 ಲೈಫ್. ಕೈಯಲ್ಲಿ 7 ಕಾರ್ಡ್ ಇಟ್ಟುಕೊಂಡು ಆಟ ಶುರು. ಒಂದು ಸರದಿಗೆ ಒಂದೇ ಲ್ಯಾಂಡ್ ಇಳಿಸಬಹುದು, ಇಳಿಸಿದ ಪ್ರತಿ ಲ್ಯಾಂಡಿನಿಂದಲೂ ಸರದಿಗೊಂದು ಮನಾ ಸಿಗುತ್ತದೆ, ಮನಾ ಕೊಟ್ಟು ಬೇರೆ ಕಾರ್ಡ್ ಆಡಬೇಕು. ಅಂದರೆ ಆರು ಮನಾದ ಡ್ರ್ಯಾಗನ್ ಇಟ್ಟುಕೊಂಡವನು ಸಾಮಾನ್ಯವಾಗಿ ಆರನೇ ಸರದಿ ತನಕ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿರಬೇಕು.

ಅಗ್ರೋ ಆಟಗಾರನ ಕಣ್ಣು ಇರುವುದು ಈ ಕಾಯುವ ಸಮಯದ ಮೇಲೆ.

ಈಗ ಲೈಟ್ನಿಂಗ್ ಬೋಲ್ಟ್ ಅನ್ನುವ ಕೆಂಪು ಕಾರ್ಡ್ ನೋಡಿ. ಮೊದಲ ಸೆಟ್ಟಿನಿಂದಲೂ ಇದೆ. ಒಂದು ಮನಾ ಕೊಟ್ಟರೆ 3 ಡ್ಯಾಮೇಜ್. 20 ಲೈಫ್ ಇಳಿಸಲು ಇಂಥ 7 ಕಾರ್ಡ್ ಸಾಕು, 21 ಆಗುತ್ತದೆ. ನೀವೇ ಮೊದಲು ಆಡಿದರೆ ಮೊದಲ ಸರದಿಗೆ ಕಾರ್ಡ್ ಎಳೆಯುವಂತಿಲ್ಲ, ಹಾಗಾಗಿ ನಾಲ್ಕನೇ ಸರದಿಯ ಹೊತ್ತಿಗೆ ನಿಮ್ಮ ಕೈಗೆ ಬಂದಿರುವುದು ಒಟ್ಟು 10 ಕಾರ್ಡ್. ಅದರಲ್ಲಿ 3 ಲ್ಯಾಂಡ್, 7 ಬೋಲ್ಟ್ ತರಹದ ಕಾರ್ಡ್ ಬಂದವು ಅಂದುಕೊಳ್ಳಿ. ಮೊದಲ ಸರದಿಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಅಲ್ಲಿಗೆ 18. ನಾಲ್ಕನೇ ಸರದಿಗೆ ಇನ್ನೊಂದು ಹೊಡೆದರೆ ಆಟ ಮುಗೀತು. ಹತ್ತರಲ್ಲಿ ಮೂರು ಲ್ಯಾಂಡ್ ಬರಬೇಕು ಅಂದರೆ 60ರಲ್ಲಿ 18 ಇರಬೇಕು. ಬೋಲ್ಟ್ ತರಹದ ಕಾರ್ಡುಗಳನ್ನೇ ನಂಬಿದ ಕೆಂಪು ‘ಬರ್ನ್’ ಡೆಕ್ಕುಗಳಲ್ಲಿ ಲ್ಯಾಂಡ್ ಸಂಖ್ಯೆ ಸಾಮಾನ್ಯವಾಗಿ 18ರ ಆಸುಪಾಸಿನಲ್ಲೇ ಯಾಕೆ ಇರುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಹಾಗಂತ ಎಲ್ಲವೂ ಬೋಲ್ಟೇ ಆಗಿರಬೇಕಿಲ್ಲ. ಮೇಜಿನ ಮೇಲೆ ಉಳಿದು ಸರದಿ ಸರದಿಗೂ ದಾಳಿ ಮಾಡಬಲ್ಲ ಕಾರ್ಡಿಗೆ ಕ್ರೀಚರ್ ಅನ್ನುತ್ತಾರೆ, ಅದು ಹೊಡೆಯುವ ಡ್ಯಾಮೇಜ್ ಎಷ್ಟೋ ಅದೇ ಅದರ ಪವರ್. ಒಂದು ಮನಾಗೆ ಬರುವ, ಇಳಿದ ಸರದಿಯಲ್ಲೇ ದಾಳಿ ಮಾಡಬಲ್ಲ, 2 ಪವರ್ ಇರುವ ಕ್ರೀಚರ್ ಮೊದಲ ಸರದಿಗೆ ಇಳಿದು, ಯಾರೂ ತಡೆಯದಿದ್ದರೆ ನಾಲ್ಕು ಸರದಿಯಲ್ಲಿ 8 ಡ್ಯಾಮೇಜ್ ಮಾಡುತ್ತದೆ. ಅದೇ ಕಾರ್ಡು ನಾಲ್ಕನೇ ಸರದಿಗೆ ಕೈಗೆ ಬಂದರೆ ಬರೀ 2. ಆದ್ದರಿಂದ ಮೊದಲು ಕ್ರೀಚರ್, ಆಮೇಲೆ ಬೋಲ್ಟ್. ಯಾವ ಬೆಲೆಯ ಕಾರ್ಡು ಎಷ್ಟೆಷ್ಟು ಇವೆ ಅನ್ನುವ ಈ ಹಂಚಿಕೆಗೆ ಮನಾ ಕರ್ವ್ ಅನ್ನುತ್ತಾರೆ. ಅಗ್ರೋ ಡೆಕ್ಕಿನ ಕರ್ವ್ ತೀರಾ ತಗ್ಗಿನಲ್ಲಿರುತ್ತದೆ: ಒಂದು ಮನಾದವು ರಾಶಿ, ಎರಡರವು ಕೆಲವು, ಮೂರರವು ಅಪರೂಪ.

ಈ ಯೋಚನೆಗೆ ಹೆಸರು ತಂದುಕೊಟ್ಟಿದ್ದು 1996ರಲ್ಲಿ ಅಟ್ಲಾಂಟಾದಲ್ಲಿ ನಡೆದ ಒಂದು ಅರ್ಹತಾ ಪಂದ್ಯಾವಳಿ. ಜೇ ಶ್ನೈಡರ್ ರೂಪಿಸಿದ ಕೆಂಪು ಡೆಕ್ ಹಿಡಿದು ಪಾಲ್ ಸ್ಲೈ ಆಡಿದರು, ಮುಂದೆ ಆ ಡೆಕ್ಕಿಗೇ ಸ್ಲೈ ಅನ್ನುವ ಹೆಸರು ನಿಂತಿತು. ಅದರಲ್ಲಿದ್ದ ಕಾರ್ಡುಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಐರನ್‌ಕ್ಲಾ ಆರ್ಕ್ಸ್ ಅಂತ ಒಂದಿತ್ತು. ಎರಡು ಮನಾಗೆ 2/2, ಅಂದರೆ ಪವರ್ 2, ತಾಳುವ ಶಕ್ತಿಯೂ 2. ಆದರೆ 2 ಅಥವಾ ಅದಕ್ಕಿಂತ ಜಾಸ್ತಿ ಪವರ್ ಇರುವ ಕ್ರೀಚರ್ ದಾಳಿಗೆ ಬಂದರೆ ಅದು ಬ್ಲಾಕ್ ಮಾಡುವಂತಿಲ್ಲ, ಅಂದರೆ ಅಡ್ಡ ನಿಂತು ತಡೆಯುವಂತಿಲ್ಲ. ಯಾರು ಬೇಕಾದರೂ ಬೇಡ ಅನ್ನುವಂಥ ಕಾರ್ಡು. ಆದರೆ ಪ್ರತಿ ಸರದಿಯೂ ದಾಳಿಗೇ ಹೋಗುವವನಿಗೆ ಬ್ಲಾಕ್ ಮಾಡಲು ಬಾರದಿದ್ದರೆ ಏನು ನಷ್ಟ? ಉಳಿದವರಿಗೆ ಕೊರತೆ ಅನ್ನಿಸಿದ್ದು ಇವರ ಡೆಕ್ಕಿಗೆ ಅಡ್ಡಿಯೇ ಆಗಲಿಲ್ಲ. ನನಗೆ ಈ ಡೆಕ್ಕಿನ ಮೇಲೆ ಬಹಳ ಗೌರವ ಇದೆ. ಕಾರ್ಡಿನ ಬೆಲೆ ಅದು ಮಾಡುವ ಕೆಲಸದ ಮೇಲೆ ನಿಂತಿದೆ ಅಂತ ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ಬೇರೆ ಯಾವುದೂ ನೆನಪಿಗೆ ಬರುವುದಿಲ್ಲ.

ಇನ್ನು ದುಡ್ಡಿನ ಮಾತು. ಮ್ಯಾಜಿಕ್‌ನಲ್ಲಿ ಡೆಕ್ ದುಬಾರಿಯಾಗುವುದು ಎಷ್ಟೋ ಸಲ ಲ್ಯಾಂಡುಗಳಿಂದ. ಎರಡು ಮೂರು ಬಣ್ಣ ಬೆರೆಸಿದರೆ ಎರಡೂ ಬಣ್ಣದ ಮನಾ ಕೊಡುವ ಒಳ್ಳೆಯ ಲ್ಯಾಂಡ್ ಬೇಕು, ಅವು ರೇರ್, ಬೆಲೆಯೂ ಹಾಗೇ. ಒಂದೇ ಬಣ್ಣದ ಕೆಂಪು ಡೆಕ್ಕಿಗೆ ಬರೀ ಮೌಂಟನ್, ಅಂದರೆ ಕೆಂಪು ಮನಾ ಕೊಡುವ ಬೇಸಿಕ್ ಲ್ಯಾಂಡ್, ಸಾಕು. ಅವು ಆಡುವವರ ಮನೆಯ ಡಬ್ಬಿಗಳಲ್ಲಿ ರಾಶಿ ಬಿದ್ದಿರುತ್ತವೆ, ಕೇಳಿದರೆ ಹಾಗೇ ಕೊಡುತ್ತಾರೆ. ಎರಡನೆಯದಾಗಿ, ಕಡಿಮೆ ಮನಾದ ನೇರ ಡ್ಯಾಮೇಜ್ ಕಾರ್ಡುಗಳು ಬಹಳಷ್ಟು ‘ಕಾಮನ್’, ಅಂದರೆ ಸುಲಭಕ್ಕೆ ಸಿಗುವ ದರ್ಜೆಯಲ್ಲೇ ಬಂದಿವೆ. ಲೈಟ್ನಿಂಗ್ ಬೋಲ್ಟ್, ಚೈನ್ ಲೈಟ್ನಿಂಗ್, ಲಾವಾ ಸ್ಪೈಕ್ ಮೂರೂ ಒಂದು ಮನಾಗೆ 3. ಒಂದು ಸರದಿ ಕಾಯಲು ತಯಾರಿದ್ದರೆ ರಿಫ್ಟ್ ಬೋಲ್ಟ್ ಕೂಡ ಅಷ್ಟೇ. ನಾಲ್ಕು ನಾಲ್ಕರಂತೆ ಅಲ್ಲಿಗೇ 16 ಕಾರ್ಡ್ ಆಯಿತು. ಕಾಮನ್ ಆಗಿ ಬಂದ ಕಾರ್ಡುಗಳಲ್ಲೇ ಆಡುವ ಪಾಪರ್ ಅನ್ನುವ ಪದ್ಧತಿಗೆ 2019ರಲ್ಲಿ ಮ್ಯಾಜಿಕ್ ತಯಾರಿಸುವ ಕಂಪನಿಯೇ ಅಧಿಕೃತ ಮಾನ್ಯತೆ ಕೊಟ್ಟಿತು. ಕಡಿಮೆ ಖರ್ಚಿನಲ್ಲಿ ಗಂಭೀರವಾಗಿ ಆಡಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಬಿಡಿ ಕಾರ್ಡುಗಳನ್ನು ಒಂದೇ ಕಡೆಯಿಂದ ಒಟ್ಟಿಗೆ ತರಿಸಿಕೊಳ್ಳಿ, ಇಲ್ಲದಿದ್ದರೆ ಕಾರ್ಡಿಗಿಂತ ಕೊರಿಯರ್ ಖರ್ಚೇ ಜಾಸ್ತಿಯಾಗುತ್ತದೆ.

ಅಗ್ರೋ ಡೆಕ್ಕೆಲ್ಲ ಅಗ್ಗ ಅಂತ ಮಾತ್ರ ತಿಳಿಯಬೇಡಿ. ಹಳೆಯ ರೇರ್ ಕಾರ್ಡು ಬಳಸಬಹುದಾದ ಪದ್ಧತಿಗಳಲ್ಲಿ ಬರ್ನ್ ಡೆಕ್ಕಿಗೂ ಕೈತುಂಬ ಸುರಿಯುವವರಿದ್ದಾರೆ.

ಕಟ್ಟುವಾಗ ಒಂದು ಆಸೆ ಬಿಡಲೇಬೇಕು. ‘ಒಂದೇ ಒಂದು ದೊಡ್ಡ ಕಾರ್ಡ್ ಇರಲಿ, ಆಟ ಉದ್ದವಾದರೆ ಬೇಕಾಗುತ್ತದೆ’ ಅನ್ನಿಸುತ್ತದೆ. 18 ಲ್ಯಾಂಡಿನ ಡೆಕ್ಕಿನಲ್ಲಿ ಆರನೇ ಲ್ಯಾಂಡ್ ಸುಲಭಕ್ಕೆ ಬರುವುದಿಲ್ಲ. ಆ ಜಾಗದಲ್ಲಿ ಥರ್ಮೋ-ಆಲ್ಕೆಮಿಸ್ಟ್ ಅನ್ನುವ ಕ್ರೀಚರ್ ಇದ್ದರೆ ನೋಡಿ: ಎರಡು ಮನಾ, ಇಳಿದ ಮುಂದಿನ ಸರದಿಯಿಂದ ಕಾರ್ಡನ್ನು ಅಡ್ಡ ತಿರುಗಿಸಿದಾಗಲೆಲ್ಲ ಎದುರಾಳಿಗೆ 1 ಡ್ಯಾಮೇಜ್, ನೀವು ಒಂದು ಇನ್‌ಸ್ಟಂಟ್ ಅಥವಾ ಸಾರ್ಸರಿ, ಅಂದರೆ ಬೋಲ್ಟ್ ತರಹ ಒಂದು ಸಲ ಕೆಲಸ ಮಾಡಿ ಮುಗಿಯುವ ಕಾರ್ಡು, ಆಡಿದರೆ ಮತ್ತೆ ನೆಟ್ಟಗಾಗುತ್ತದೆ. ಎರಡು ಬೋಲ್ಟ್ ಹೊಡೆಯುವ ಸರದಿಯಲ್ಲಿ ಮೂರು ಸಲ ತಿರುಗಿಸಬಹುದು. 6 ಇದ್ದದ್ದು 9 ಆಯಿತು.

ಆಡುವಾಗ ಕಷ್ಟದ ತೀರ್ಮಾನ ಒಂದೇ: ಬೋಲ್ಟನ್ನು ಎದುರಿಗಿರುವ ಕ್ರೀಚರಿಗೆ ಹೊಡೆಯಬೇಕೋ, ಆಟಗಾರನಿಗೋ? ಕ್ರೀಚರಿಗೆ ಹೊಡೆದರೆ ಏಳರಲ್ಲಿ ಒಂದು ಹೋಯಿತು. ಆ ಕ್ರೀಚರ್ ನಿಮ್ಮ ದಾಳಿಯಿಂದ 3ಕ್ಕಿಂತ ಜಾಸ್ತಿ ಡ್ಯಾಮೇಜ್ ತಡೆಯುತ್ತದೆ ಅಂತ ಖಾತ್ರಿ ಇದ್ದರೆ ಹೊಡೆಯಿರಿ, ಇಲ್ಲವಾದರೆ ಬಿಡಿ.

ಹಸಿರು ಡೆಕ್ಕಿನ ಎದುರು ಮಾತ್ರ ಸ್ವಲ್ಪ ಹುಷಾರು. ಪಾಪರ್‌ನಲ್ಲಿ ವೆದರ್ ದ ಸ್ಟಾರ್ಮ್ ಅಂತ ಕಾರ್ಡ್ ಇದೆ. 3 ಲೈಫ್ ಕೊಡುತ್ತದೆ, ಆ ಸರದಿಯಲ್ಲಿ ಅದಕ್ಕಿಂತ ಮೊದಲು ಯಾರು ಎಷ್ಟು ಸ್ಪೆಲ್ (ಲ್ಯಾಂಡ್ ಅಲ್ಲದ ಕಾರ್ಡು) ಆಡಿದ್ದರೋ ಅಷ್ಟು ನಕಲು ಕೂಡ ಆಗುತ್ತದೆ. ನೀವು ಖುಷಿಯಲ್ಲಿ ಒಂದೇ ಸರದಿಗೆ ಮೂರು ಬೋಲ್ಟ್ ಹೊಡೆದು 9 ಇಳಿಸಿದಿರಿ, ಅವನು ಆ ಕಾರ್ಡ್ ಆಡಿ 12 ಏರಿಸಿಕೊಂಡ. ಅವನ ಎರಡು ಲ್ಯಾಂಡ್ ಇನ್ನೂ ಬಳಸದೆ ನಿಂತಿವೆ ಅಂದರೆ ಅವನ ಸರದಿಗೊಂದು, ನಿಮ್ಮ ಸರದಿಗೊಂದು ಅಂತ ಬಿಡಿಬಿಡಿಯಾಗಿ ಹೊಡೆಯಿರಿ. ಲೈಟ್ನಿಂಗ್ ಬೋಲ್ಟ್ ಇನ್‌ಸ್ಟಂಟ್, ಅವನ ಸರದಿಯಲ್ಲೂ ನಡೆಯುತ್ತದೆ. ಲಾವಾ ಸ್ಪೈಕ್ ಸಾರ್ಸರಿ, ಅದನ್ನು ನಿಮ್ಮ ಸರದಿಗೇ ಇಟ್ಟುಕೊಳ್ಳಬೇಕು.