ಒಂದೇ ಆರ್ಡರ್ ನೋಷನ್‌ನಲ್ಲಿ ಮೂರು ಸಲ ಯಾಕೆ ಬರುತ್ತೆ?

ಪ್ರಶ್ನೆ: ನಮ್ಮದು ನಾಲ್ಕು ಜನರ ಸಣ್ಣ ಟೀಮ್. ಆರ್ಡರ್‌ಗಳನ್ನು ಗೂಗಲ್ ಶೀಟ್‌ನಲ್ಲಿ ಬರೆಯುತ್ತೇವೆ. ಅದು ತಾನಾಗೇ ನೋಷನ್‌ಗೆ (ಟೀಮ್‌ನ ಕೆಲಸದ ಪಟ್ಟಿ ಇಡುವ ಆ್ಯಪ್) ಹೋಗಲಿ ಅಂತ ಜ್ಯಾಪಿಯರ್ (ಒಂದು ಆ್ಯಪ್‌ನ ಮಾಹಿತಿಯನ್ನು ಇನ್ನೊಂದಕ್ಕೆ ಸಾಗಿಸುವ ಸೇವೆ) ಹಾಕಿದೆವು. ಹೋಗುತ್ತೆ, ಆದರೆ ಒಂದೇ ಆರ್ಡರ್ ಎರಡು ಸಲ, ಕೆಲವೊಮ್ಮೆ ಮೂರು ಸಲ. ಕೋಡ್ ಬರದವರು ಇದನ್ನು ಸರಿ ಮಾಡಬಹುದಾ?

ಖಂಡಿತ ಮಾಡಬಹುದು. ಶೀಟ್‌ನಲ್ಲಿ ಒಂದು ಕಾಲಮ್ ಜಾಸ್ತಿ ಬೇಕು, ಜ್ಯಾಪಿಯರ್‌ನಲ್ಲಿ ಒಂದು ಹೆಜ್ಜೆ ಜಾಸ್ತಿ ಬೇಕು, ಅಷ್ಟೆ.

ನಾನೂ ಇದೇ ತಪ್ಪು ಮಾಡಿದವನೇ. ಸಾಗರದ ಹತ್ತಿರ ಇರುವ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಾರೆ. ಅವರಿಗೆ ಶೀಟ್‌ನಿಂದ ನೋಷನ್‌ಗೆ ದಾರಿ ಮಾಡಿಕೊಟ್ಟು ದೊಡ್ಡ ಇಂಜಿನಿಯರ್ ಥರ ಬೀಗುತ್ತಿದ್ದೆ. ವಾರದೊಳಗೆ ಫೋನ್ ಬಂತು: "ಅಲ್ಲ ಮಾರಾಯ, ಆ ಅಮ್ಮ ಕೇಳಿದ್ದು ಒಂದೇ ಕೆಜಿಯಂತೆ, ನಾವು ಮೂರು ಡಬ್ಬಿ ಕಳಿಸಿದ್ದೀವಿ!" ಪ್ಯಾಕ್ ಮಾಡುವ ಹುಡುಗ ನೋಡುವುದು ನೋಷನ್ ಮಾತ್ರ. ಅಲ್ಲಿ ಒಂದೇ ಹೆಸರಲ್ಲಿ ಮೂರು ಕಾರ್ಡ್. ಮೊದಲನೆಯದರಲ್ಲಿ ಹೆಸರು ಮತ್ತು ಕೆಜಿ, ಎರಡನೆಯದರಲ್ಲಿ ಅದರ ಜೊತೆ ಫೋನ್ ನಂಬರ್, ಮೂರನೆಯದರಲ್ಲಿ ವಿಳಾಸವೂ ಇತ್ತು.

ಆ ಮೂರು ಕಾರ್ಡ್ ನೋಡಿದರೇ ಕಾರಣ ಗೊತ್ತಾಗುತ್ತದೆ, ಅಲ್ವಾ? ಶೀಟ್‌ನಲ್ಲಿ ಸೇವ್ ಬಟನ್ ಇಲ್ಲ. ನೀವು ಒಂದು ಕೋಶ ತುಂಬಿ ಪಕ್ಕದ್ದಕ್ಕೆ ಹೋದ ಕೂಡಲೇ ಅದು ಸೇವ್ ಆಗಿರುತ್ತದೆ. ಟ್ರಿಗರ್ ಆಗಿ, ಅಂದರೆ ಜ್ಯಾಪಿಯರನ್ನು ಎಬ್ಬಿಸುವ ಕಾರಣವಾಗಿ, 'ನ್ಯೂ ಆರ್ ಅಪ್‌ಡೇಟೆಡ್ ರೋ' (ಹೊಸ ಅಥವಾ ಬದಲಾದ ಸಾಲು) ಇಟ್ಟಿದ್ದರೆ, ನೀವು ಟೀ ಕುಡಿಯುತ್ತಾ ನಿಧಾನಕ್ಕೆ ಬರೆಯುತ್ತಿರುವ ಸಾಲು ಜ್ಯಾಪಿಯರ್ ಕಣ್ಣಿಗೆ ಮತ್ತೆ ಮತ್ತೆ "ಬದಲಾದ ಸಾಲು" ಆಗಿ ಬೀಳುತ್ತದೆ. ಅದಕ್ಕೆ ನೀವು ಹೇಳಿಕೊಟ್ಟ ಕೆಲಸ 'ಕ್ರಿಯೇಟ್' ಒಂದೇ. ಹಾಗಾಗಿ ಬದಲಾವಣೆ ಕಂಡಾಗಲೆಲ್ಲ ಹೊಸ ಕಾರ್ಡ್. ಇದಕ್ಕೆ ನಾವು ಸಿಂಕ್ (ಎರಡೂ ಕಡೆ ಒಂದೇ ಥರ ಇಡುವುದು) ಅಂತೀವಿ, ಆದರೆ ನಿಜಕ್ಕೂ ಇದು ಅಂಚೆಯವನ ಕೆಲಸ. ಕೊಟ್ಟದ್ದನ್ನು ತಂದು ಹಾಕಿ ಹೋಗುತ್ತಾನೆ, ನಿನ್ನೆ ಇದನ್ನೇ ಕೊಟ್ಟಿದ್ದೆನಾ ಅಂತ ನೋಡುವುದಿಲ್ಲ.

ಮೊದಲು ಆ ಜಾಸ್ತಿ ಕಾಲಮ್. ಪ್ರತಿ ಆರ್ಡರ್‌ಗೂ ಒಂದು ನಂಬರ್ ಕೊಡಿ, ಎ-101, ಎ-102 ಹೀಗೆ, ಕೈಯಲ್ಲೇ ಟೈಪ್ ಮಾಡಿ. ಇಲ್ಲಿ ಜಾಣತನ ತೋರಿಸಲು ಹೋಗಿ ಸಾಲಿನ ಸಂಖ್ಯೆ ಕೊಡುವ ಫಾರ್ಮುಲಾ ಹಾಕಬೇಡಿ. ಯಾರಾದರೂ ಶೀಟನ್ನು ಸಾರ್ಟ್ ಮಾಡಿದರೆ ಎಲ್ಲರ ನಂಬರ್ ಅದಲು ಬದಲಾಗಿ, ಒಬ್ಬರ ವಿಳಾಸ ಇನ್ನೊಬ್ಬರ ಕಾರ್ಡ್ ಮೇಲೆ ಕೂರುತ್ತದೆ. ಡಬಲ್ ಕಾರ್ಡ್ ಕಣ್ಣಿಗೆ ಬೀಳುತ್ತದೆ, ಇದು ಬೀಳುವುದೂ ಇಲ್ಲ. ಫೋನ್ ನಂಬರನ್ನೇ ಗುರುತಾಗಿ ಇಟ್ಟುಕೊಂಡರೂ ಕಷ್ಟ, ಯಾಕಂದ್ರೆ ಅದೇ ಗಿರಾಕಿ ಮುಂದಿನ ತಿಂಗಳು ಮತ್ತೆ ಆರ್ಡರ್ ಮಾಡಿದರೆ ಹಳೆಯದು ಅಳಿಸಿಹೋಗುತ್ತದೆ.

ನೋಷನ್ ಡೇಟಾಬೇಸ್‌ನಲ್ಲೂ 'ಆರ್ಡರ್ ನಂಬರ್' ಅಂತ ಒಂದು ಕಾಲಮ್ ಮಾಡಿ. ಆಮೇಲೆ ಜ್ಯಾಪಿಯರ್‌ನಲ್ಲಿ ಕ್ರಿಯೇಟ್ ತೆಗೆದು ಅಲ್ಲಿ 'ಫೈಂಡ್' ಹಾಕಿ, ಈ ನಂಬರಿನ ಕಾರ್ಡ್ ಇದೆಯಾ ಅಂತ ಹುಡುಕಲು. ಅದರಲ್ಲೇ, ಸಿಗದಿದ್ದರೆ ಹೊಸದು ಮಾಡು ಎನ್ನುವ ಟಿಕ್ ಇದೆ. ಅದರ ಮುಂದಿನ ಹೆಜ್ಜೆ 'ಅಪ್‌ಡೇಟ್', ಸಿಕ್ಕ ಕಾರ್ಡ್‌ಗೆ ಶೀಟ್‌ನ ಈಗಿನ ಮಾಹಿತಿ ತುಂಬಲು. ಆಗ ಸಾಲು ಹತ್ತು ಸಲ ಬದಲಾದರೂ ಕಾರ್ಡ್ ಒಂದೇ.

ಇನ್ನೊಂದು ಸಣ್ಣ ಉಪಾಯ ಇದೆ, ನನಗೆ ಇದೇ ಜಾಸ್ತಿ ಇಷ್ಟ. ಕೊನೆಯಲ್ಲಿ 'ರೆಡಿ' ಅಂತ ಒಂದು ಕಾಲಮ್ ಇಟ್ಟು, ಟ್ರಿಗರ್ ಕಾಲಮ್ ಎನ್ನುವ ಜಾಗದಲ್ಲಿ ಅದನ್ನೇ ಆರಿಸಿ. ಎಲ್ಲ ತುಂಬಿಸಿ ಅಲ್ಲಿ 'ಹೌದು' ಅಂತ ಬರೆದ ಮೇಲಷ್ಟೇ ಆರ್ಡರ್ ಹೊರಡುತ್ತದೆ. ಆದರೆ ಆ ಕಾಲಮ್‌ಗೆ ಮೇಲಿಂದ ಕೆಳಗಿನವರೆಗೆ ಚೆಕ್‌ಬಾಕ್ಸ್ ಎಳೆದು ಇಡಬೇಡಿ. ಖಾಲಿ ಚೆಕ್‌ಬಾಕ್ಸ್ ನಮಗೆ ಖಾಲಿ, ಶೀಟ್‌ಗೆ ಅಲ್ಲ, ಅದರೊಳಗೆ 'ಫಾಲ್ಸ್' ಅಂತ ಬೆಲೆ ಇರುತ್ತದೆ, ಹಾಗಾಗಿ ಖಾಲಿ ಸಾಲೂ ತುಂಬಿದ ಸಾಲಿನ ಥರ ಕಾಣುತ್ತದೆ.

ಇನ್ನು ದುಡ್ಡಿನ ವಿಷಯ. ಜ್ಯಾಪಿಯರ್‌ನ ಉಚಿತ ಪ್ಲಾನ್‌ನಲ್ಲಿ ತಿಂಗಳಿಗೆ 100 ಟಾಸ್ಕ್ (ಅದು ಮಾಡಿಕೊಡುವ ಒಂದೊಂದು ಕೆಲಸ ಒಂದು ಟಾಸ್ಕ್), ಅದೂ ಒಂದು ಟ್ರಿಗರ್, ಒಂದು ಕೆಲಸ ಅಷ್ಟೇ. ಫೈಂಡ್ ಆದ ಮೇಲೆ ಅಪ್‌ಡೇಟ್ ಬೇಕು ಅಂದರೆ ದುಡ್ಡು ಕೊಡಬೇಕು. ಮೇಕ್ ಅಂತ ಇಂಥದ್ದೇ ಇನ್ನೊಂದು ಸೇವೆ ಇದೆ, ಮೊದಲು ಇಂಟಿಗ್ರೊಮ್ಯಾಟ್ ಅಂತ ಹೆಸರಿತ್ತು, 2022ರಲ್ಲಿ ಬದಲಾಯಿತು. ಅಲ್ಲಿ ತಿಂಗಳಿಗೆ ಇಂಥ 1,000 ಕೆಲಸ ಉಚಿತ, ಹೆಜ್ಜೆಗಳನ್ನೂ ಬೇಕಾದ ಹಾಗೆ ಜೋಡಿಸಬಹುದು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಹೊಸದೇನಾದರೂ ಇದೆಯಾ ಅಂತ ಸುಮ್ನೆ ಇಣುಕಿ ನೋಡಿದ್ದಕ್ಕೂ ಮೇಕ್ ಒಂದು ಎಣಿಸುತ್ತದೆ. 15 ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 96, ತಿಂಗಳಿಗೆ 2,880. ಒಂದೂ ಆರ್ಡರ್ ಬರದೆ ಕೋಟಾ ಖಾಲಿ! ಎರಡು ಗಂಟೆಗೊಮ್ಮೆ ನೋಡು ಅಂತ ಇಟ್ಟರೆ 360ರಲ್ಲಿ ಮುಗಿಯುತ್ತದೆ, ಉಪ್ಪಿನಕಾಯಿಗೆ ಅಷ್ಟು ಸಾಕು. ಅಲ್ಲಿನ 'ವಾಚ್ ನ್ಯೂ ರೋಸ್' ಹೊಸ ಸಾಲನ್ನು ಮಾತ್ರ ನೋಡುತ್ತದೆ, ಹಳೆಯ ಸಾಲಿನ ತಿದ್ದುಪಡಿ ಅದಕ್ಕೆ ಕಾಣುವುದಿಲ್ಲ ಅನ್ನುವುದೂ ನೆನಪಿರಲಿ.

ದಿನಾಂಕ ಕೂಡ ಕೈ ಕೊಡುತ್ತದೆ. ಶೀಟ್‌ನ ಲೊಕೇಲ್ (ಯಾವ ದೇಶದ ರೂಢಿಯಲ್ಲಿ ದಿನಾಂಕ ಓದಬೇಕು ಎನ್ನುವ ಸೆಟ್ಟಿಂಗ್) ಅಮೆರಿಕ ಅಂತ ಇದ್ದರೆ ನೀವು ಬರೆದ 05/04 ಮೇ 4 ಆಗುತ್ತದೆ, 13/04/2025 ಅಂತೂ ದಿನಾಂಕವೇ ಅಲ್ಲ, ಬರೀ ಅಕ್ಷರ. ಫೈಲ್ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ಇಂಡಿಯಾ ಅಂತ ಬದಲಿಸಿ. ಅಲ್ಲಿವರೆಗೆ ಬರೆದದ್ದು ತಾನಾಗಿ ಸರಿಹೋಗುವುದಿಲ್ಲ, ಅದನ್ನು ಕೈಯಲ್ಲೇ ತಿದ್ದಬೇಕು.

ನೋಷನ್‌ನಲ್ಲಿ ತಿದ್ದಿದ್ದು ವಾಪಸ್ ಶೀಟ್‌ಗೂ ಬರಲಿ ಅನ್ನುವ ಆಸೆ ನಿಮಗೆ ಮುಂದೆ ಬಂದೇ ಬರುತ್ತದೆ. ಬೇಡ ಅಂತೀನಿ. ಇದು ಅದನ್ನು ಬದಲಿಸುತ್ತದೆ, ಅದು ಬದಲಾಯಿತು ಅಂತ ಮತ್ತೆ ಇದು ಎಚ್ಚರಾಗುತ್ತದೆ, ಬೆಳಗಾಗುವಷ್ಟರಲ್ಲಿ ನಿಮ್ಮ ಟಾಸ್ಕ್ ಎಲ್ಲ ಖರ್ಚು. ಆರ್ಡರ್ ಬದಲಾಯಿಸುವುದು ಶೀಟ್‌ನಲ್ಲಿ ಮಾತ್ರ ಅಂತ ನಾಲ್ಕೂ ಜನ ಒಪ್ಪಿಕೊಳ್ಳಿ. ಶೀಟ್‌ನಲ್ಲಿ ಸಾಲು ಡಿಲೀಟ್ ಮಾಡಿದರೆ ನೋಷನ್ ಕಾರ್ಡ್ ಹೋಗುವುದಿಲ್ಲ. ಅದಕ್ಕೇ ಡಿಲೀಟ್ ಬದಲು 'ರದ್ದು' ಅಂತ ಬರೆಯುವ ಅಭ್ಯಾಸ ಮಾಡಿ. ಇನ್ನು ಉಳಿದ ಮೂವರಿಗೆ ಆರ್ಡರ್ ಪಟ್ಟಿ ನೋಡಿದರೆ ಸಾಕು ಅನ್ನುವುದಾದರೆ ಈ ರಾಮಾಯಣವೇ ಬೇಡ, ಶೀಟ್‌ನ ಲಿಂಕನ್ನು ನೋಷನ್ ಪುಟದಲ್ಲಿ ಎಂಬೆಡ್ ಮಾಡಿಬಿಡಿ, ಶೀಟ್ ಆ ಪುಟದೊಳಗೇ ಕಾಣುತ್ತದೆ.

ಈಗಾಗಲೇ ತುಂಬಿರುವ ಡಬಲ್ ಕಾರ್ಡ್‌ಗಳಿಗೆ ಏನು ಮಾಡುವುದು? ಮೊದಲು ಜ್ಯಾಪ್ (ಜ್ಯಾಪಿಯರ್‌ನಲ್ಲಿ ನೀವು ಮಾಡಿಟ್ಟ ಜೋಡಣೆ) ಆಫ್ ಮಾಡಿ. ನೋಷನ್‌ನಲ್ಲಿ ಹೆಸರಿನ ಪ್ರಕಾರ ಸಾರ್ಟ್ ಮಾಡಿ, ಪೂರ್ತಿ ವಿವರ ಇರುವ ಕಾರ್ಡ್ ಉಳಿಸಿಕೊಂಡು ಬಾಕಿ ಅಳಿಸಿ. ತಪ್ಪಿ ಒಳ್ಳೆಯದನ್ನು ಅಳಿಸಿದರೂ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ. ಉಳಿದ ಕಾರ್ಡ್‌ಗಳಿಗೆ ಶೀಟ್‌ನಲ್ಲಿರುವ ಆರ್ಡರ್ ನಂಬರನ್ನೇ ಹಾಕಿ. ಮತ್ತೆ ಆನ್ ಮಾಡಿ, ಒಂದು ಸುಳ್ಳು ಆರ್ಡರ್ ಬರೆಯಿರಿ. 'ರೆಡಿ' ಕಾಲಮ್ ಇಟ್ಟಿದ್ದರೆ ಅಲ್ಲಿ 'ಹೌದು' ಹಾಕಿ, ಆಮೇಲೆ ವಿಳಾಸ ಬದಲಿಸಿ, ಆ 'ಹೌದು' ಇದ್ದದ್ದನ್ನು 'ಹೌದು-2' ಅಂತ ಮಾಡಿ, ಆ ಕಾಲಮ್ ಬದಲಾಗದೆ ಜ್ಯಾಪಿಯರ್ ಎಚ್ಚರಾಗುವುದಿಲ್ಲ. ಹೊಸ ವಿಳಾಸದ ಒಂದೇ ಕಾರ್ಡ್ ಕಂಡರೆ ಪ್ಯಾಕ್ ಮಾಡುವವರಿಗೆ ಫೋನ್ ಮಾಡಿ ಹೇಳಬಹುದು.